ಕಂಪನಿ ಇರುತ್ತೋ ಇಲ್ವೋ ಗೊತ್ತಿಲ್ಲ, ಆ ಗ್ರಾಫೈಟ್ ನೆಕ್ ಬೇಸ್ ತಗೊಳ್ಳಬಹುದಾ?

ಪ್ರಶ್ನೆ: ಸರ್, ನಾನು ಮಂಗಳೂರಿನವನು. ಚರ್ಚ್ ಕ್ವಾಯರಲ್ಲೂ ಒಂದು ಮದುವೆ ಬ್ಯಾಂಡಲ್ಲೂ ಬೇಸ್ ಗಿಟಾರ್ ನುಡಿಸ್ತೀನಿ. ಪ್ರತಿ ಮಳೆಗಾಲ ಬಂದ್ರೆ ನನ್ನ ಬೇಸಿನ ನೆಕ್ (ತಂತಿ ಒತ್ತೋ ಉದ್ದನೆ ಹಿಡಿ) ಬಾಗಿ ಆಕ್ಷನ್, ಅಂದ್ರೆ ತಂತಿಗೂ ಫ್ರೆಟ್ ಅನ್ನೋ ಲೋಹದ ಪಟ್ಟಿಗೂ ಇರೋ ಎತ್ತರ, ಮೇಲೆ ಹೋಗುತ್ತೆ, ಬೇಸಿಗೆಗೆ ಮತ್ತೆ ತಂತಿ ಫ್ರೆಟ್ಟಿಗೆ ತಾಗಿ ಬಜ್ ಹೊಡೆಯುತ್ತೆ. ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮ ಭಾವ ಅಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮಾಡ್ಯುಲಸ್ ಕ್ವಾಂಟಮ್ 5 ಸ್ಟ್ರಿಂಗ್ ನೋಡಿದ್ದಾರೆ, 90ರ ದಶಕದ್ದಂತೆ, ಗ್ರಾಫೈಟ್ ನೆಕ್. ಆದ್ರೆ ಆ ಕಂಪನಿ ಮುಚ್ಚೋಯ್ತು, ಮತ್ತೆ ಯಾರೋ ಶುರು ಮಾಡಿದ್ರು ಅಂತೆಲ್ಲ ಕೇಳ್ತೀನಿ. ಇಂಥದ್ದನ್ನ ತಗೊಂಡ್ರೆ ನಾಳೆ ಏನಾದ್ರೂ ಆದ್ರೆ ಯಾರ ಹತ್ರ ಹೋಗೋದು? ಅಥವಾ ಇನ್ನೂ ಸ್ವಲ್ಪ ದುಡ್ಡು ಸೇರಿಸಿ ಇಂಥ ಕಂಪನಿಗೆ ಹೊಸದೇ ಆರ್ಡರ್ ಕೊಡಲಾ?

ಉತ್ತರ: ಹಳೇದನ್ನ ಧೈರ್ಯವಾಗಿ ನೋಡಿ, ಆದ್ರೆ ಕಂಪನಿ ಇವತ್ತೇ ಇಲ್ಲ ಅಂದ್ಕೊಂಡು ನೋಡಿ. ಹೊಸದಕ್ಕೆ ಪೂರ್ತಿ ದುಡ್ಡು ಮುಂಗಡ ಕಟ್ಟಿ ಕಾಯೋದು ಮಾತ್ರ ಬೇಡ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ಈ ನೆಕ್ಕು ಇಷ್ಟು ಗಟ್ಟಿಯಾಗಿರೋದಕ್ಕೂ ಇದನ್ನ ಮಾಡೋರು ಒಬ್ಬೊಬ್ಬರಾಗಿ ಕಷ್ಟಕ್ಕೆ ಸಿಕ್ಕೊಳ್ಳೋದಕ್ಕೂ ನೇರ ಸಂಬಂಧ ಇದೆ.

ಮೊದಲು ನಿಮ್ಮ ಮಳೆಗಾಲದ ವಿಷಯ. 4 ಸ್ಟ್ರಿಂಗ್ ಬೇಸಲ್ಲಿ ಎಲ್ಲ ತಂತಿ ಸೇರಿ ನೆಕ್ಕನ್ನ ಸುಮಾರು 75-80 ಕೆಜಿಯಷ್ಟು ಬಲದಲ್ಲಿ ಎಳೀತಾನೇ ಇರುತ್ತೆ, ಹಗಲು ರಾತ್ರಿ, ನೀವು ನುಡಿಸ್ಲಿ ಬಿಡ್ಲಿ. 5ನೇ ತಂತಿ ಬಂದ್ರೆ ಇನ್ನೂ ಜಾಸ್ತಿ. ಈ ಕಡೆ ಮೇಪಲ್ ಮರ, ಆ ಕಡೆ ಟ್ರಸ್ ರಾಡ್ ಅನ್ನೋ ಕಬ್ಬಿಣದ ಸರಳು, ಇಬ್ಬರೂ ಸೇರಿ ಆ ಎಳೆತಕ್ಕೆ ಎದುರು ನಿಲ್ತಾರೆ. ಮರ ಗಾಳಿಯಲ್ಲಿರೋ ತೇವ ಕುಡೀತು ಅಂದ್ರೆ ಉಬ್ಬುತ್ತೆ, ಆ ಲೆಕ್ಕ ತಪ್ಪುತ್ತೆ, ಜೂನ್ ಜುಲೈನಲ್ಲಿ ನಿಮ್ಮೂರಲ್ಲಿ ಗೋಡೆನೇ ಬೆವರೋವಾಗ ಮೇಪಲ್ ಏನು ಮಾಡುತ್ತೆ ಪಾಪ. ಕಾರ್ಬನ್ ಫೈಬರ್ ಬಟ್ಟೇನ ಎಪಾಕ್ಸಿ ಅಂಟಲ್ಲಿ ನೆನೆಸಿ ಬೇಯಿಸಿ ಮಾಡಿದ ನೆಕ್ಕಿಗೆ (ಇದನ್ನೇ ಈ ಫೀಲ್ಡಲ್ಲಿ ಗ್ರಾಫೈಟ್ ಅನ್ನೋದು) ಈ ತೇವದ ಗೊಡವೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಎಳೆ ಎಲ್ಲ ಉದ್ದಕ್ಕೆ ಹಾಕಿದ ಕಾರ್ಬನ್-ಎಪಾಕ್ಸಿ, ಅದೇ ದಪ್ಪದ ಮೇಪಲ್‌ಗಿಂತ ಸುಮಾರು ಹತ್ತು ಪಟ್ಟು ಬಿಗಿ. ಬಿಸಿಗೂ ಅದು ಹಿಗ್ಗಲ್ಲ, ಹಿಗ್ಗೋದು ಸ್ಟೀಲ್ ತಂತಿ ಮಾತ್ರ. ಹಾಗಾಗಿ ಸ್ಟೇಜ್ ಲೈಟಿನ ಕೆಳಗೆ ಶ್ರುತಿ ಚೂರು ಇಳಿದ್ರೂ ನೆಕ್ ಇದ್ದ ಹಾಗೇ ಇರುತ್ತೆ.

ಇನ್ನೊಂದು ಲಾಭನೂ ಇದೆ, ಬೇಸಿಸ್ಟುಗಳು ಇದಕ್ಕೆ ಮರುಳಾಗಿದ್ದು ಬಹುಶಃ ಇದಕ್ಕೇನೇ. ಮರದ ನೆಕ್ ಇರೋ ಬೇಸಲ್ಲಿ ಜಿ ತಂತಿ ಮೇಲೆ 5ರಿಂದ 7ನೇ ಫ್ರೆಟ್ ಆಸುಪಾಸು ಒಂದು ನೋಟ್ ಬಾರಿಸಿದ ತಕ್ಷಣ ಸತ್ತೋಗುತ್ತೆ ನೋಡಿ, ಡೆಡ್ ಸ್ಪಾಟ್ ಅಂತೀವಲ್ಲ, ಅದು. ಆ ನೋಟಿನ ಕಂಪನ ನೆಕ್ಕಿನ ಸ್ವಂತ ಕಂಪನಕ್ಕೆ ತಾಳೆ ಆಗ್ಬಿಡುತ್ತೆ, ತಂತಿಯ ಶಕ್ತೀನೆಲ್ಲ ನೆಕ್ಕೇ ನುಂಗುತ್ತೆ. ನೆಕ್ ಬಿಗಿಯಾಗಿ ಹಗುರವಾಗಿ ಇದ್ರೆ ಅದರ ಸ್ವಂತ ಕಂಪನ ಮೇಲಕ್ಕೆ ಹೋಗುತ್ತೆ, ನೀವು ಜಾಸ್ತಿ ನುಡಿಸೋ ಜಾಗದಿಂದ ಆಚೆ. ಅದಕ್ಕೇ ಗ್ರಾಫೈಟ್ ಬೇಸಲ್ಲಿ ಎಲ್ಲ ನೋಟೂ ಸಮವಾಗಿ, ಚೂಪಾಗಿ, ತುಂಬಾ ಹೊತ್ತು ನಿಲ್ಲುತ್ತೆ, ಅದ್ರಲ್ಲೂ ಕೆಳಗಿನ ಬಿ ತಂತಿ ಬೇರೆ ಬೇಸಲ್ಲಿ ಗೊಳಗೊಳ ಅನ್ನೋದು ಇದರಲ್ಲಿ ಸ್ಪಷ್ಟವಾಗಿ ಕೇಳುತ್ತೆ. ಎಲ್ಲರಿಗೂ ಇಷ್ಟ ಆಗಲ್ಲ ಇದು. ಹಳೇ ಹಾಡಿನ ದಪ್ಪ ಮೆತ್ತನೆ ಸೌಂಡ್ ಬೇಕು ಅನ್ನೋರಿಗೆ ಇದು ತಣ್ಣಗೆ ಅನ್ನಿಸುತ್ತೆ. ನಂಗೆ ಇಷ್ಟ, ಆದ್ರೆ ನಿಮ್ಮ ಭಾವನಿಗೆ ಹೇಳಿ, ಯಾರಾದ್ರೂ ನುಡಿಸೋರ ಕೈಲಿ ನುಡಿಸಿ ರೆಕಾರ್ಡ್ ಮಾಡಿ ಕಳಿಸ್ಲಿ, ಕೇಳದೆ ಕೊಳ್ಳಬೇಡಿ.

ಈಗ ಕಂಪನಿ ಕಥೆ. ಮಾಡ್ಯುಲಸ್ ಶುರು ಮಾಡಿದ ಜೆಫ್ ಗೌಲ್ಡ್ ಗಿಟಾರ್ ಮನೆತನದವನೇನಲ್ಲ, ಪಾಲೊ ಆಲ್ಟೊದ ಫೋರ್ಡ್ ಏರೋಸ್ಪೇಸಲ್ಲಿ ಕೆಲಸ ಮಾಡ್ತಿದ್ದವನು, ಅಲ್ಲಿ ಉಪಗ್ರಹದ ಭಾಗಗಳಿಗೆ ಕಾರ್ಬನ್ ಫೈಬರ್ ಬಳಸ್ತಿದ್ರು. 70ರ ದಶಕದ ನಡುವೆ ಗ್ರೇಟ್‌ಫುಲ್ ಡೆಡ್ ಅನ್ನೋ ರಾಕ್ ತಂಡದ ಕಾರ್ಯಕ್ರಮಕ್ಕೆ ಹೋಗಿ ಅವರ ಬೇಸಿಸ್ಟ್ ಫಿಲ್ ಲೆಷ್ ಕೈಲಿದ್ದ ಬೇಸ್ ನೋಡಿದ, ಅದರೊಳಗೆ ಏನೇನೋ ಎಲೆಕ್ಟ್ರಾನಿಕ್ಸ್ ತುಂಬಿ ಭಾರ ಆಗಿತ್ತು, ಇದನ್ನ ಹಗುರ ಮಾಡಕ್ಕೆ ನಮ್ಮ ಫ್ಯಾಕ್ಟರಿ ಮಾಲು ಯಾಕಾಗಬಾರದು ಅಂತ ತಲೆಗೆ ಬಂತು. ಅಲ್ಲೇ ಹತ್ರ ಅಲೆಂಬಿಕ್ ಅನ್ನೋ ಕಂಪನಿ ಇತ್ತು, ಡೆಡ್ ತಂಡಕ್ಕೆ ವಾದ್ಯ ಮಾಡ್ತಿದ್ದವರು, ಅಲ್ಲಿನ ರಿಕ್ ಟರ್ನರ್ ಜೊತೆ ಸೇರಿ ನೆಕ್ ಮಾಡಿದ್ರು. 1977ರಲ್ಲಿ ಮೊದಲ ಗ್ರಾಫೈಟ್ ನೆಕ್ ಬೇಸ್ ಪ್ರದರ್ಶನಕ್ಕೆ ಬಂತು, ಅದನ್ನ ಕೊಂಡವರು ಫ್ಲೀಟ್‌ವುಡ್ ಮ್ಯಾಕ್ ತಂಡದ ಜಾನ್ ಮೆಕ್‌ವೀ. 1979ರಲ್ಲಿ ಪೇಟೆಂಟ್ ಆಯ್ತು. ಮೊದಮೊದಲು ಅಲೆಂಬಿಕ್‌ಗೆ, ಮ್ಯೂಸಿಕ್ ಮ್ಯಾನ್ ಅನ್ನೋ ಗಿಟಾರ್ ಕಂಪನಿಗೆ ಬರೀ ನೆಕ್ ಮಾಡಿ ಕೊಡ್ತಿದ್ದವರು ಆಮೇಲೆ ತಮ್ಮದೇ ಬೇಸ್ ಮಾಡಿದ್ರು, ನಿಮ್ಮ ಭಾವ ನೋಡಿರೋ ಕ್ವಾಂಟಮ್ ಆ ಸಾಲಿನದ್ದೇ.

ಅದೇ ಸುಮಾರಿಗೆ ನ್ಯೂಯಾರ್ಕ್ ಕಡೆ ನೆಡ್ ಸ್ಟೈನ್‌ಬರ್ಗರ್ ಅಂತ ಒಬ್ಬ ಡಿಸೈನರು ನೆಕ್ ಅಷ್ಟೇ ಯಾಕೆ ಬಾಡೀನೂ ಅದರಲ್ಲೇ ಮಾಡ್ತೀನಿ ಅಂತ ಹೊರಟ, ತಲೆನೇ ಇಲ್ಲದ ಪುಟ್ಟ ಕಪ್ಪು ಬೇಸ್, 80ರ ದಶಕದ ವಿಡಿಯೋಗಳಲ್ಲಿ ನೋಡಿರ್ತೀರ. ಇಂಗ್ಲೆಂಡಲ್ಲಿ ರಾಬ್ ಗ್ರೀನ್ ಸ್ಟೇಟಸ್ ಶುರು ಮಾಡಿದ, ಲೆವೆಲ್ 42 ತಂಡದ ಮಾರ್ಕ್ ಕಿಂಗ್ ಹೆಬ್ಬೆರಳಲ್ಲಿ ಟಪಟಪ ಬಾರಿಸ್ತಿದ್ದ ಬೇಸ್ ಅದು. ಜೋ ಝಾನ್ ತನ್ನ ಹೆಸರಲ್ಲೇ ಒಂದು ಕಂಪನಿ ಕಟ್ಟಿದ, ಮೈಕಲ್ ಮ್ಯಾನ್ರಿಂಗ್ ನುಡಿಸೋ ಹೈಪರ್‌ಬೇಸ್ ಅಲ್ಲಿಂದ ಬಂದಿದ್ದು. ಗಮನಿಸಿ, ಎಲ್ಲ ಕಡೆ ಒಬ್ಬನೇ ಮನುಷ್ಯ, ಒಂದು ಶೆಡ್ಡು, ಕೈಬೆರಳೆಣಿಕೆಯ ಕೆಲಸಗಾರರು. ಒಂದು ಉದ್ಯಮ ಅಂತ ಇದು ಬೆಳೀಲೇ ಇಲ್ಲ.

ಯಾಕೆ ಬೆಳೀಲಿಲ್ಲ? ಮಾಡೋ ರೀತಿ ನೋಡಿದ್ರೆ ಗೊತ್ತಾಗುತ್ತೆ. ಅಂಟು ಹಿಡಿಸಿದ ಕಾರ್ಬನ್ ಹಾಳೆ ಬರುತ್ತೆ, ಅದನ್ನ ಫ್ರೀಜರಲ್ಲಿ ಇಡಬೇಕು, ಅದಕ್ಕೂ ಒಂದು ಅವಧಿ ಇದೆ, ದಾಟಿದ್ರೆ ಎಸೀಬೇಕು. ಹಾಳೇನ ಕತ್ತರಿಸಿ ಒಂದೊಂದು ಪದರಾನೂ ಸರಿಯಾದ ದಿಕ್ಕಿಗೆ ತಿರುಗಿಸಿ ಅಚ್ಚಿನೊಳಗೆ ಕೈಯಲ್ಲಿ ಕೂರಿಸಬೇಕು, ಎಲ್ಲೂ ಗಾಳಿ ಗುಳ್ಳೆ ಉಳೀಬಾರದು, ಆಮೇಲೆ ಒತ್ತಡ ಕೊಟ್ಟು ಬಿಸಿಯಲ್ಲಿ ಬೇಯಿಸಬೇಕು, ತಣ್ಣಗಾದ ಮೇಲೆ ಅಂಚು ಉಜ್ಜಬೇಕು, ಆ ಧೂಳು ಶ್ವಾಸಕೋಶಕ್ಕೂ ಕೆಟ್ಟದ್ದು, ಮಷೀನಿನೊಳಗೆ ಹೋದ್ರೆ ವಿದ್ಯುತ್ ಹರಿಯೋ ಧೂಳು ಬೇರೆ, ಶಾರ್ಟ್ ಮಾಡುತ್ತೆ. ಮರದ ನೆಕ್ ಆದ್ರೆ ಸಿಎನ್‌ಸಿ ಮಷೀನಿಗೆ (ಕಂಪ್ಯೂಟರ್ ಹೇಳಿದ ಹಾಗೆ ಕೊರೆಯೋದು) ಹಲಗೆ ಕೊಟ್ರೆ ಸಾಕು, ಅಗಲ ಬೇಕಾ, ಉದ್ದ ಬೇಕಾ, ಪ್ರೋಗ್ರಾಮ್ ಬದಲಾಯಿಸಿದ್ರೆ ಆಯ್ತು. ಕಾರ್ಬನ್‌ಗೆ ಹಾಗಲ್ಲ, ಪ್ರತಿ ಅಳತೆಗೂ ಹೊಸ ಅಚ್ಚು. 4 ಸ್ಟ್ರಿಂಗಿಗೆ ಒಂದು, 5ಕ್ಕೆ ಒಂದು, 6ಕ್ಕೆ ಒಂದು, ಸ್ಕೇಲ್ (ನುಡಿಯೋ ತಂತಿಯ ಉದ್ದ) 34 ಇಂಚಿಗೆ ಬೇರೆ 35ಕ್ಕೆ ಬೇರೆ. ಬೇಸಿಸ್ಟುಗಳ ಕಥೆ ನಿಮಗೇ ಗೊತ್ತು, ಲಕ್ಷಗಟ್ಟಲೆ ಕೊಡೋ ಗಿರಾಕಿ ನನಗೆ ಅರ್ಧ ಇಂಚು ಕಿರಿದಾಗಿ ಬೇಕು ಅಂತಾನೆ, ಅವನಿಗೆ ಇಲ್ಲ ಅನ್ನಬೇಕಾಗುತ್ತೆ, ಅವನು ಮರದ ಕೆಲಸದವನ ಹತ್ರ ಹೋಗ್ತಾನೆ.

ಮಾರಿದ್ದು ಹಾಳಾಗಲ್ಲ ಅನ್ನೋದು ಇದಕ್ಕಿಂತ ದೊಡ್ಡ ತೊಂದರೆ. 30 ವರ್ಷದ ಹಿಂದಿನ ಮಾಡ್ಯುಲಸ್ ನೆಕ್ ಸಾಮಾನ್ಯವಾಗಿ ಇವತ್ತೂ ಹಾಗೇ ಇರುತ್ತೆ, ಹೊಸದಕ್ಕೆ ಅರ್ಧ ಬೆಲೆಗೋ ಇನ್ನೂ ಕಮ್ಮಿಗೋ ಅದೇ ಗುಣ ಸಿಗೋವಾಗ ಹೊಸದು ಯಾಕೆ ತಗೊಳ್ತೀರ? ಈ ಕಂಪನಿಗಳಿಗೆ ಎದುರಾಳಿ ಅಂತ ಇದ್ದಿದ್ದು ಫೆಂಡರ್‌ನಂಥ ದೊಡ್ಡ ಗಿಟಾರ್ ಕಂಪನಿ ಅಲ್ಲ, ಅವರೇ ಹತ್ತಿಪ್ಪತ್ತು ವರ್ಷದ ಹಿಂದೆ ಮಾರಿದ ಬೇಸುಗಳು. ಅದ್ರ ಮೇಲೆ 90ರ ದಶಕದಲ್ಲಿ ಗಾಳಿ ತಿರುಗಿತು, ಎಲ್ಲರಿಗೂ ಮತ್ತೆ ಹಳೇ ಮರದ ಸೌಂಡ್ ಬೇಕಾಯ್ತು, 80ರ ದಶಕದ ಕಪ್ಪು ಬೇಸ್ ಹಿಡ್ಕೊಂಡ್ರೆ ನಗೋ ಹಾಗಾಯ್ತು. ಮಾಡ್ಯುಲಸ್‌ಗೆ ಆಗ ಕೈ ಹಿಡಿದಿದ್ದು ರೆಡ್ ಹಾಟ್ ಚಿಲಿ ಪೆಪರ್ಸ್ ತಂಡದ ಫ್ಲೀ. ಅವನ ಹೆಸರಲ್ಲೇ ಒಂದು ಮಾಡೆಲ್ ಬಂತು, ಚೆನ್ನಾಗಿ ಓಡ್ತು. ಆದ್ರೆ ಒಬ್ಬ ಸ್ಟಾರನ್ನ ನಂಬಿ ಸಣ್ಣ ಕಂಪನಿ ನಡೆಸೋದು ಅಪಾಯ, ಆ ಒಪ್ಪಂದ ಮುಗಿದ ಮೇಲೆ ಅದೇ ಬೇಸ್‌ಗೆ ಫಂಕ್ ಅನ್‌ಲಿಮಿಟೆಡ್ ಅಂತ ಹೆಸರಿಟ್ಟು ಮಾರಿದ್ರು, ಫ್ಲೀ ಕೊನೆಗೆ ಮರದ ಫೆಂಡರ್ ಕಡೆ ಹೋದ. ಗೌಲ್ಡ್ ಅಂತೂ 1995ರ ಹೊತ್ತಿಗೇ ಕಂಪನಿ ಬಿಟ್ಟು ತನ್ನ ಹೆಸರಲ್ಲಿ ಬೇರೆ ಶುರು ಮಾಡಿದ್ದ. 2013ರ ಸುಮಾರಿಗೆ ಮಾಡ್ಯುಲಸ್ ಕೆಲಸ ನಿಂತೋಯ್ತು, ಆಮೇಲೆ ಹೆಸರನ್ನ ಬೇರೆಯವರು ತಗೊಂಡು ಸಣ್ಣದಾಗಿ ಮತ್ತೆ ಹೊರಟ್ರು. ನೀವು ಕೇಳಿದ ಗಾಳಿಸುದ್ದಿಯ ಹಿಂದಿರೋ ವಿಷಯ ಇಷ್ಟೇ.

ಹೆಸರು ಉಳಿದ್ರೆ ವಾದ್ಯ ಉಳೀತು ಅಂತ ಅಂದ್ಕೋಬೇಡಿ. ಸ್ಟೈನ್‌ಬರ್ಗರ್ ಕಂಪನೀನ 1987ರಲ್ಲಿ ಗಿಬ್ಸನ್ ಕೊಂಡ್ಕೊಳ್ತು, ಅಷ್ಟು ದೊಡ್ಡ ಕಂಪನಿ, ಆದ್ರೂ ಕಾರ್ಬನ್ ಬಾಡಿ ಕೆಲಸ ಕೊನೆಗೆ ನಿಂತೇ ಹೋಯ್ತು, ಅದೇ ಹೆಸರಲ್ಲಿ ಆಮೇಲೆ ಬಂದ ಸ್ಪಿರಿಟ್ ಸಾಲಿನವು ಮರದವು. ನೋಡಕ್ಕೆ ಅದೇ ಆಕಾರ, ಒಳಗಡೆ ಬೇರೆ. ಅಚ್ಚು, ಪದರ ಹಾಕೋ ಕ್ರಮ, ಎಷ್ಟು ಹೊತ್ತು ಬೇಯಿಸಬೇಕು ಅನ್ನೋ ಲೆಕ್ಕ, ಇದೆಲ್ಲ ಇಬ್ಬರು ಮೂವರ ತಲೇಲಿ ಕೈಲಿ ಇರೋ ವಿದ್ಯೆ. ಕಂಪನಿ ಮಾರಾಟ ಆದಾಗ ಬೋರ್ಡು, ಲೋಗೋ, ವೆಬ್‌ಸೈಟು ಕೈ ಬದಲಾಗುತ್ತೆ, ಆ ವಿದ್ಯೆ ಕೈ ಬದಲಾಗುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಕಾರ್ಬನ್ ಸೋತಿದೆಯಾ ಅಂದ್ರೆ ಇಲ್ಲ, ಅದು ಮರದೊಳಗೆ ಸೇರ್ಕೊಂಡಿದೆ. ಇವತ್ತು ಒಳ್ಳೆ ಬೇಸ್ ಮಾಡೋ ತುಂಬಾ ಜನ ಮೇಪಲ್ ನೆಕ್ಕಿನ ಒಳಗೆ ಟ್ರಸ್ ರಾಡಿನ ಅಕ್ಕಪಕ್ಕ ಎರಡು ಕಾರ್ಬನ್ ಸರಳು ಕೂರಿಸ್ತಾರೆ, ಮನೆ ಕಟ್ಟೋವಾಗ ಕಾಂಕ್ರೀಟಲ್ಲಿ ಕಂಬಿ ಹಾಕಿದ ಹಾಗೆ. ಫ್ರಾನ್ಸಿನ ವಿಜಿಯೆ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ 90 ಪಾಲು ಮರ 10 ಪಾಲು ಕಾರ್ಬನ್ ಅಂತ ನೆಕ್ ಮಾಡಿ ಟ್ರಸ್ ರಾಡನ್ನೇ ಕಿತ್ತು ಹಾಕಿದ್ರು. ಗಿರಾಕಿಗೆ ಮರದ ಸೌಂಡೂ ಸಿಗ್ತು, ನೆಕ್ಕೂ ನಿಲ್ತು, ಪೂರ್ತಿ ಕಾರ್ಬನ್ ನೆಕ್ ಯಾಕೆ ಬೇಕು ಅಂತ ಕೇಳೋ ಹಾಗಾಯ್ತು. ನನ್ನ ಪ್ರಕಾರ ಮಾಡ್ಯುಲಸ್ ಥರದವರಿಗೆ ದೊಡ್ಡ ಪೆಟ್ಟು ಕೊಟ್ಟಿದ್ದು ಈ ಎರಡು ಸರಳುಗಳೇ.

ಮಧ್ಯದಲ್ಲಿ ಒಂದು ಸಣ್ಣ ಆಸೆ ಹುಟ್ಟಿತ್ತು, ಅದರಲ್ಲಿ ನಮ್ಮ ಕಡೆ ಮರವೂ ಬರುತ್ತೆ. ಪ್ರಪಂಚದ ಗಿಟಾರುಗಳ ಫಿಂಗರ್‌ಬೋರ್ಡಿಗೆ (ನೆಕ್ ಮೇಲೆ ಫ್ರೆಟ್ ಕೂರೋ ಹಲಗೆ) ಹೋಗೋ ಇಂಡಿಯನ್ ರೋಸ್‌ವುಡ್ ಅಂದ್ರೆ ನಮ್ಮ ಮಲೆನಾಡಿನ ಬೀಟೆ. 2017ರ ಜನವರಿಯಲ್ಲಿ ಆ ಜಾತಿಯ ಮರಗಳೆಲ್ಲ ಸೈಟ್ಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಬಂದ್ವು, ಗಿಟಾರ್ ಗಡಿ ದಾಟಿಸಬೇಕಾದ್ರೂ ಕಾಗದಪತ್ರ ಬೇಕಾಯ್ತು, ಕಂಪನಿಗಳು ಬೀಟೆ ಬಿಟ್ಟು ಬೇರೆ ಬೇರೆ ಮರ, ಕೃತಕ ಬೋರ್ಡು ಹುಡುಕಕ್ಕೆ ಶುರು ಮಾಡಿದ್ವು. ಗ್ರಾಫೈಟ್ ನೆಕ್ಕಿನವರು ಮೊದಲಿಂದಲೂ ಫೀನಾಲಿಕ್ ಅನ್ನೋ ಗಟ್ಟಿ ಹಲಗೆ ಬಳಸ್ತಿದ್ರು, ಇನ್ನೇನು ನಮ್ಮ ಕಾಲ ಬಂತು ಅಂತ ಅಂದ್ಕೊಂಡವರು ಇದ್ರು. 2019ರ ನವೆಂಬರಿಂದ ತಯಾರಾದ ವಾದ್ಯಗಳಿಗೆ ವಿನಾಯ್ತಿ ಸಿಕ್ತು, ತುಂಬಾ ಜನ ಮತ್ತೆ ಬೀಟೆಗೆ ಬಂದ್ರು.

ಸರಿ, ನಿಮ್ಮ ಭಾವ ಆ ಬೇಸ್ ನೋಡಕ್ಕೆ ಹೋದಾಗ ಏನು ನೋಡಬೇಕು. ಮೊದಲನೇದು ಟ್ರಸ್ ರಾಡ್ ಇದೆಯಾ. ಹಳೇ ಮಾಡ್ಯುಲಸ್ ನೆಕ್ಕಲ್ಲಿ ಅದು ಇರ್ತಿರಲಿಲ್ಲ, ಬಾಗಲ್ಲ ಅಂದ್ಮೇಲೆ ಯಾಕೆ ಅಂತ, ಆಮೇಲೆ ಹಾಕಕ್ಕೆ ಶುರು ಮಾಡಿದ್ರು, 90ರ ದಶಕದ್ದು ಅಂದ್ರೆ ಎರಡೂ ಆಗಿರಬಹುದು. ಇಲ್ಲದಿದ್ರೆ ಹೆದರಬೇಡಿ, ಆದ್ರೆ ಇದು ತುಂಬಾ ಮುಖ್ಯ: ಅಚ್ಚಿಂದ ಹೇಗೆ ಬಂದಿದೆಯೋ ನೆಕ್ ಹಾಗೇ ಇರುತ್ತೆ, ಸರಿಯಾಗಿ ಬಂದಿದ್ರೆ ಜನ್ಮಕ್ಕೆ ಸಾಕು, ತಪ್ಪಾಗಿ ಬಂದಿದ್ರೆ ಅದನ್ನ ತಿರುಗಿಸಿ ಸರಿ ಮಾಡೋ ಸ್ಕ್ರೂನೇ ಇಲ್ಲ, ಫ್ರೆಟ್ ಉಜ್ಜಿ ಸರಿ ಮಾಡಬೇಕು ಅಷ್ಟೇ. ಆದ್ದರಿಂದ ನೀವು ಹಾಕೋ ದಪ್ಪದ ತಂತೀನೇ ಹಾಕಿಸಿ, ಶ್ರುತಿ ಮಾಡಿ, ಮೊದಲ ಫ್ರೆಟ್ಟನ್ನೂ ಬಾಡಿ ಸೇರೋ ಕಡೆಯ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿದು 7ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್ಟಿಗೂ ಮಧ್ಯೆ ಎಷ್ಟು ಸಂದಿ ಇದೆ ನೋಡಬೇಕು. ಒಂದು ವಿಸಿಟಿಂಗ್ ಕಾರ್ಡ್ ಹೋಗೋವಷ್ಟು ಇದ್ರೆ ಚೆನ್ನ. ತಂತಿ ಫ್ರೆಟ್ಟಿಗೆ ಅಂಟ್ಕೊಂಡಿದ್ರೆ, ಅಂದ್ರೆ ನೆಕ್ ಹಿಂದಕ್ಕೆ ಬಾಗಿದ್ರೆ, ಎಷ್ಟು ಅಗ್ಗಕ್ಕೆ ಕೊಟ್ರೂ ಬೇಡ.

ಎರಡನೇದು ಫ್ರೆಟ್ಟು. ಎಷ್ಟು ಸವೆದಿದೆ ನೋಡಿ, ಯಾಕಂದ್ರೆ ಫೀನಾಲಿಕ್ ಬೋರ್ಡಿಂದ ಫ್ರೆಟ್ ಕೀಳೋದು ಮರದಷ್ಟು ಸುಲಭ ಅಲ್ಲ, ಅಂಚು ಚಕ್ಕೆ ಏಳುತ್ತೆ, ಬಿಸಿ ಮಾಡಿ ನಿಧಾನಕ್ಕೆ ಕೀಳಬೇಕು, ಆಮೇಲೆ ಎಪಾಕ್ಸಿ ಹಾಕಿ ಕೂರಿಸಬೇಕು. ನಮ್ಮಲ್ಲಿ ಈ ಕೆಲಸ ಬಲ್ಲವರು ಕಮ್ಮಿ. ಫ್ರೆಟ್ ತೀರಾ ಸವೆದಿದ್ರೆ ಅಮೆರಿಕದಲ್ಲೇ ರೀಫ್ರೆಟ್ ಮಾಡಿಸಿ ತರೋದು ಜಾಣತನ, ಆ ಖರ್ಚನ್ನ ಚೌಕಾಸಿಯಲ್ಲೇ ಕಳೆಯಿರಿ. ಬೋರ್ಡಿಗೂ ಕಾರ್ಬನ್ ಚಿಪ್ಪಿಗೂ ಮಧ್ಯದ ಅಂಟಿನ ಗೆರೆ ಮೇಲೆ ಉಗುರು ಆಡಿಸಿ ನೋಡಕ್ಕೆ ಹೇಳಿ, ಎಲ್ಲಾದ್ರೂ ಬಿಟ್ಕೊಂಡಿದ್ರೆ ಉಗುರು ಸಿಕ್ಕೊಳ್ಳುತ್ತೆ. ಹೆಡ್‌ಸ್ಟಾಕ್ (ಟ್ಯೂನರ್ ಇರೋ ತಲೆ) ಹತ್ರ ಬೆಳ್ಳಗೆ ಗೆರೆ ಕಂಡ್ರೆ ಅದು ಬರೀ ಬಣ್ಣದ್ದಾ, ಒಳಗಿನ ಬಿರುಕಾ ಅಂತ ಬೆರಳಲ್ಲಿ ತಟ್ಟಿ ಕೇಳಬೇಕು, ಬಿರುಕಿದ್ರೆ ಆ ಜಾಗ ಬೊದ್ದಾಗಿ ಕೇಳುತ್ತೆ.

ಮೂರನೇದು ನೆಕ್ ಬಾಡಿಗೆ ಬೋಲ್ಟ್ ಹಾಕಿರೋದಾ ಅಥವಾ ನೆಕ್ ಬಾಡಿಯೊಳಗೆ ಹಾದು ಹೋಗಿರೋದಾ. ಕ್ವಾಂಟಮ್‌ನಲ್ಲಿ ಎರಡೂ ಇದಾವೆ. ನಿಮಗೆ ಬೋಲ್ಟ್ ಇರೋದೇ ಒಳ್ಳೇದು, ಬಿಚ್ಚಿ ಬಟ್ಟೆ ಸುತ್ತಿ ತರಬಹುದು, ಮತ್ತೆ ನಾಳೆ ಎಲ್ಲಾದ್ರೂ ಬಿದ್ದು ಬಾಡಿ ಒಡೆದ್ರೆ ನಮ್ಮ ಬಡಗಿನೂ ಒಂದು ಬಾಡಿ ಮಾಡಿ ಕೊಡಬಲ್ಲ.

ಉಳಿದಿದ್ದಕ್ಕೆ ಕಂಪನಿ ಬೇಕಾಗೇ ಇಲ್ಲ. ಪಿಕಪ್ ಸಾಮಾನ್ಯವಾಗಿ ಇಎಂಜಿ ಅಥವಾ ಬಾರ್ಟೊಲಿನಿ ಇರುತ್ತೆ, ಅವು ಇವತ್ತೂ ಅದೇ ಅಳತೆಯಲ್ಲಿ ಸಿಗುತ್ತೆ. ಪ್ರೀಆಂಪ್ (ಬೇಸಿನೊಳಗೆ ಸಿಗ್ನಲ್ ಹೆಚ್ಚಿಸೋ ಸರ್ಕ್ಯೂಟು) ಸತ್ರೆ ಬೇರೆ ಹಾಕಿಸಿ. ಬ್ರಿಡ್ಜು, ಟ್ಯೂನರು ಬೇರೆ ಕಂಪನಿಯದ್ದನ್ನ ಹಾಕಬಹುದು, ತೂತು ತಾಳೆ ಆಗಬೇಕಷ್ಟೆ. ಇದೇ ನೀವು ಹಳೇ ಸ್ಟೈನ್‌ಬರ್ಗರ್ ಬಗ್ಗೆ ಕೇಳಿದ್ರೆ ನಾನು ಯೋಚನೆ ಮಾಡ್ತಿದ್ದೆ, ಅದರ ಬ್ರಿಡ್ಜ್ ಅದಕ್ಕೇ ಅಂತ ಮಾಡಿದ್ದು, ತಂತಿನೂ ಎರಡೂ ತುದಿಗೆ ಗುಂಡು ಇರೋದೇ ಬೇಕು, ಮಂಗಳೂರಲ್ಲಿ ಶನಿವಾರ ಸಂಜೆ ತಂತಿ ತುಂಡಾದ್ರೆ ಭಾನುವಾರದ ಪೂಜೆಗೆ ಏನು ಮಾಡ್ತೀರ.

ಹೊಸದು ಆರ್ಡರ್ ಕೊಡೋ ವಿಷಯ. ಇಂಥ ಸಣ್ಣ ಕಂಪನಿ ಯಾವುದೇ ಆಗಿರಲಿ, ಮುಂಗಡ ಕಟ್ಟೋ ಮುಂಚೆ ಎರಡು ಪ್ರಶ್ನೆ ಮೇಲ್ ಹಾಕಿ ಕೇಳಿ. ನೆಕ್ಕಿನ ಅಚ್ಚು ನಿಮ್ಮ ಹತ್ರಾನೇ ಇದೆಯಾ, ನೆಕ್ ನೀವೇ ಮಾಡ್ತೀರಾ ಇಲ್ಲ ಹೊರಗೆ ಮಾಡಿಸ್ತೀರಾ? ಕಳೆದ ಕೆಲವು ತಿಂಗಳಲ್ಲಿ ಗಿರಾಕಿ ಕೈಗೆ ತಲುಪಿದ ಬೇಸಿನ ಫೋಟೋ ತೋರಿಸ್ತೀರಾ? ನೇರ ಉತ್ತರ ಬಂದ್ರೆ ಸ್ವಲ್ಪ ಮುಂಗಡ ಕೊಟ್ಟು ಉಳಿದಿದ್ದು ಬೇಸ್ ರೆಡಿ ಆದ ಫೋಟೋ ನೋಡಿ ಕೊಡ್ತೀನಿ ಅನ್ನಿ, ಕ್ರೆಡಿಟ್ ಕಾರ್ಡಲ್ಲೇ ಕೊಡಿ. ಉತ್ತರ ಸುತ್ತಿ ಬಳಸಿ ಬಂದ್ರೆ ಬಿಟ್ಬಿಡಿ. ಅವರು ಮೋಸಗಾರರು ಅಂತಲ್ಲ, ಇಂಥ ಕಡೆ ಹೊಸ ಗಿರಾಕಿಯ ಮುಂಗಡದಲ್ಲಿ ಹಿಂದಿನ ಗಿರಾಕಿಯ ಬೇಸ್ ಮಾಡೋ ಪರಿಸ್ಥಿತಿ ಬರೋದು ಹೊಸದೇನಲ್ಲ, ಯಾವತ್ತೋ ಒಂದು ದಿನ ಆ ಸರಪಳಿ ತುಂಡಾಗುತ್ತೆ, ಕೊನೇಲಿ ನಿಂತವನ ದುಡ್ಡು ಹೋಗುತ್ತೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತೂ ಹೇಳಬೇಕು, ಬರೀ ಮಳೆಗಾಲದ ಬಾಗೋ ಸಮಸ್ಯೆಗೆ ಮಾಡ್ಯುಲಸ್ ತುಂಬಾ ದುಬಾರಿ ಔಷಧಿ. ಈಗಿರೋ ಬೇಸಿನ ಟ್ರಸ್ ರಾಡಿಗೆ ಸರಿಯಾದ ಅಳತೆ ಅಲೆನ್ ಕೀ ತಗೊಂಡು ಜೂನಲ್ಲಿ ಕಾಲು ಸುತ್ತು ಬಿಗಿ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ, ಬೇಕಾದ್ರೆ ಇನ್ನೊಂಚೂರು, ಬೇಸಿಗೆಗೆ ಅಷ್ಟೇ ಸಡಿಲ ಮಾಡಿ. ಕೀ ತುಂಬಾ ಬಿಗಿ ಬಂದ್ರೆ ಬಲ ಹಾಕದೆ ರಿಪೇರಿಯವರಿಗೆ ತೋರಿಸಿ. ಕೇಸಲ್ಲಿ ಸಿಲಿಕಾ ಜೆಲ್ ಇಡಿ, ಗೋಡೆಗೆ ತಾಗಿಸಿ ನಿಲ್ಲಿಸಬೇಡಿ. ಇಷ್ಟರಲ್ಲೇ ಮುಕ್ಕಾಲು ಪಾಲು ಸರಿ ಹೋಗುತ್ತೆ. ಬೇರೆ ಬೇಸೇ ಬೇಕು ಅಂದ್ರೂ ಕಾರ್ಬನ್ ಸರಳು ಹಾಕಿದ ಹುರಿದ ಮೇಪಲ್ ನೆಕ್ ಸಿಗುತ್ತೆ, ಹುರಿದ ಮರ ತೇವ ಕಮ್ಮಿ ಕುಡಿಯುತ್ತೆ, ನಿಮ್ಮೂರಿಗೆ ಸಾಕು. ಮಾಡ್ಯುಲಸ್ ತಗೊಳ್ಳೋದಾದ್ರೆ ಆ ಸೌಂಡ್ ಬೇಕು ಅಂತ ತಗೊಳ್ಳಿ, ಮತ್ತೆ ನೆಕ್ ಬಾಗದಿದ್ರೂ ಪಿನ್ನು, ಪಾಟುಗಳು (ವಾಲ್ಯೂಮ್ ಗುಂಡಿಯ ಒಳಗಿನ ಭಾಗ) ಕಡಲ ಗಾಳಿಗೆ ತುಕ್ಕು ಹಿಡಿಯೋದು ಹಿಡಿದೇ ಹಿಡಿಯುತ್ತೆ, ಅದಕ್ಕೆ ಗ್ರಾಫೈಟ್ ಏನೂ ಮಾಡಲ್ಲ.

ಭಾವ ಬರೋವಾಗ ತರೋದಾದ್ರೆ ಬಿಲ್ ಜೊತೆಗಿರಲಿ, ಕಸ್ಟಮ್ಸಲ್ಲಿ ಕೇಳಿದ್ರೆ ತೋರಿಸಕ್ಕೆ, ಡ್ಯೂಟಿ ಎಷ್ಟು ಬೀಳುತ್ತೆ ಅಂತ ಮೊದಲೇ ವಿಚಾರಿಸಿ ಬೆಲೆಗೆ ಸೇರಿಸ್ಕೊಳ್ಳಿ. ಕ್ವಾಂಟಮ್ 35 ಇಂಚಿನ ಸ್ಕೇಲ್, ನಮ್ಮ ಅಂಗಡಿಗಳಲ್ಲಿ ಸಿಗೋ ತಂತಿ ಹೆಚ್ಚಾಗಿ 34 ಇಂಚಿಗೆ ಅಂತ ಮಾಡಿದ್ದು, ಕೆಲವದ್ರಲ್ಲಿ ದಪ್ಪ ಭಾಗ ನಟ್ (ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರೋ ಪಟ್ಟಿ) ದಾಟೋ ಮುಂಚೆನೇ ಮುಗಿದೋಗುತ್ತೆ. ಹಾಗಾಗಿ 35ಕ್ಕೆ ಆಗೋ 5 ಸ್ಟ್ರಿಂಗ್ ಸೆಟ್ಟು ನಾಲ್ಕೈದು ಅಲ್ಲಿಂದಲೇ ತರಿಸ್ಕೊಂಡುಬಿಡಿ.